ಕಣ್ಣಿಗೆ ಕಟ್ಟುವ ಲೋಕಗಳೂ ಗ್ರಂಥಾಲಯದ ಕರ್ತವ್ಯವೂ

1859ನೆಯ ಇಸವಿಯ ಜೂನ್ ತಿಂಗಳ ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಅಮೆರಿಕದ ಮಾಸಪತ್ರಿಕೆಯಲ್ಲಿ, ವೃತ್ತಿಯಿಂದ ವೈದ್ಯರೂ ಹಾರ್ವರ್ಡ್ ವಿದ್ಯಾಪೀಠದಲ್ಲಿ ಶರೀರರಚನಾಶಾಸ್ತ್ರದ ಆಚಾರ್ಯರೂ ಪ್ರವೃತ್ತಿಯಿಂದ ಕವಿಗಳೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ ಮಹಾಶಯರು ಸ್ಟೀರಿಯೊಸ್ಕೋಪ್ ಎಂಬ ಯಂತ್ರವನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ನಮ್ಮ ಎರಡು ಕಣ್ಣುಗಳು ಒಂದಕ್ಕೊಂದು ಸುಮಾರು ಎರಡೂವರೆ ಅಂಗುಲ ದೂರದಲ್ಲಿರುವ ಕಾರಣ ಒಂದೇ ವಸ್ತುವಿನ ಎರಡು ಭಿನ್ನ ನೋಟಗಳನ್ನು ಗ್ರಹಿಸುವುವೆಂದೂ, ಆ ನೋಟಗಳ ಅಲ್ಪ ವ್ಯತ್ಯಾಸದಿಂದಲೇ ಮನಸ್ಸು ವಸ್ತುವಿನ ದೂರವನ್ನೂ ಆಳವನ್ನೂ ಊಹಿಸಿಕೊಳ್ಳುವುದೆಂದೂ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ತೋರಿಸಿಕೊಟ್ಟಿದ್ದರು. ಆ ತತ್ತ್ವವನ್ನನುಸರಿಸಿ ಒಂದೇ ದೃಶ್ಯದ ಎರಡು ಛಾಯಾಚಿತ್ರಗಳನ್ನು ರಟ್ಟಿನ ಮೇಲೆ ಅಕ್ಕಪಕ್ಕದಲ್ಲಿ ಅಂಟಿಸಿ, ಎರಡು ಮಸೂರಗಳ ಮೂಲಕ ನೋಡಿದರೆ, ಚಿತ್ರವು ಚಪ್ಪಟೆಯಾದ ಕಾಗದವಾಗಿ ಉಳಿಯದೆ, ಕಂಬದ ಹಿಂದೆ ಗೋಡೆ, ಗೋಡೆಯ ಆಚೆ ಗುಡ್ಡ, ಎಂಬಂತೆ ಪದರ ಪದರವಾಗಿ ತೆರೆದುಕೊಂಡು, ನೋಡುವವನು ತಾನೇ ಆ ಸ್ಥಳದಲ್ಲಿ ನಿಂತಿರುವಂತೆ ಭಾವಿಸುವನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿಯ ಮೆಚ್ಚುಗೆಯನ್ನು ಪಡೆದ ಮೇಲೆ ಈ ಯಂತ್ರವು ಯುರೋಪು ಅಮೆರಿಕಗಳ ಮನೆ ಮನೆಗಳನ್ನೂ ಪ್ರವೇಶಿಸಿತು.

ಹೋಮ್ಸರ ಪ್ರಬಂಧದಲ್ಲಿ ಯಂತ್ರದ ವರ್ಣನೆಗಿಂತಲೂ ನನಗೆ ಮುಖ್ಯವಾಗಿ ಕಾಣುವುದು ಅದರ ಕೊನೆಯ ಭಾಗದಲ್ಲಿ ಬರುವ ಒಂದು ಸಲಹೆ. ಗ್ರಂಥಗಳಿಗೆ ಗ್ರಂಥಾಲಯವಿರುವಂತೆ ಈ ಜೋಡಿಚಿತ್ರಗಳಿಗೂ ಕ್ರಮಬದ್ಧವಾದ ಒಂದು ಭಂಡಾರವಿರಬೇಕು, ಕಲಾವಿದನಾಗಲಿ ವಿದ್ವಾಂಸನಾಗಲಿ ಕುಶಲಕರ್ಮಿಯಾಗಲಿ ತನಗೆ ಬೇಕಾದ ನೋಟವನ್ನು ಅಲ್ಲಿ ಹೋಗಿ ಕೇಳಿ ಪಡೆಯುವಂತಿರಬೇಕು ಎಂದು ಅವರು ಬಯಸಿದರು. ಬಯಸಿ ಸುಮ್ಮನಾಗಲಿಲ್ಲ. ಕೈಯಲ್ಲಿ ಹಿಡಿದು ನೋಡುವ ಸರಳವಾದ, ಅಗ್ಗವಾದ ಸ್ಟೀರಿಯೊಸ್ಕೋಪೊಂದನ್ನು 1861ರ ಸುಮಾರಿನಲ್ಲಿ ತಾವೇ ರೂಪಿಸಿ, ಅದಕ್ಕೆ ಪೇಟೆಂಟ್ ಪಡೆಯದೆ, ಯಾರು ಬೇಕಾದರೂ ತಯಾರಿಸಿ ಮಾರಲೆಂದು ಲೋಕಕ್ಕೆ ಬಿಟ್ಟುಕೊಟ್ಟರು. ಮುಂದಿನ ಅರ್ಧ ಶತಮಾನ ಕಾಲ ಕೋಟ್ಯಂತರ ಜೋಡಿಚಿತ್ರಗಳು ಅಚ್ಚಾದವು. ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಎಂಬ ಕಂಪೆನಿ ದೇಶ ದೇಶಗಳಿಗೆ ಛಾಯಾಗ್ರಾಹಕರನ್ನು ಕಳುಹಿಸಿ, ಚಿತ್ರಗಳನ್ನು ಪುಸ್ತಕದ ಆಕಾರದ ಪೆಟ್ಟಿಗೆಗಳಲ್ಲಿ ಜೋಡಿಸಿ ಶಾಲೆಗಳಿಗೂ ಗ್ರಂಥಾಲಯಗಳಿಗೂ ಮಾರಿತು. ಜೇಮ್ಸ್ ರಿಕಾಲ್ಟನ್ ಎಂಬವರು ನಮ್ಮ ದೇಶದಲ್ಲಿ ಸಂಚರಿಸಿ ತೆಗೆದ ಚಿತ್ರಗಳ ಅಂಥ ಒಂದು ಸಂಪುಟ 1907ರಲ್ಲಿ ಹೊರಬಂದಿತು. ಪೆಟ್ಟಿಗೆಯೊಡನೆ ಒಂದು ವಿವರಣಗ್ರಂಥವೂ, ನೋಡುವವನು ಎಲ್ಲಿ ನಿಂತು ಯಾವ ದಿಕ್ಕಿಗೆ ನೋಡುತ್ತಿರುವನೆಂಬುದನ್ನು ಸೂಚಿಸುವ ನಕ್ಷೆಯೂ ಇರುತ್ತಿದ್ದವು. ಈ ಅಂಶವನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ನಾನು ಹೇಳಬೇಕೆಂದಿರುವುದರ ಬೀಜ ಅದರಲ್ಲಿದೆ.

ಚಲನಚಿತ್ರ ಬಂದಿತು, ರೇಡಿಯೋ ಬಂದಿತು, ಜೋಡಿಚಿತ್ರದ ಮೋಹ ಇಳಿಯಿತು, ತಯಾರಿಸಿದ ಕಂಪೆನಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಚಿತ್ರಗಳು ಮಾತ್ರ ನಾಶವಾಗಲಿಲ್ಲ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿಯೂ ಅವು ಇಂದಿಗೂ ಸುರಕ್ಷಿತವಾಗಿವೆ. ನ್ಯೂಯಾರ್ಕಿನವರು 2012ರಲ್ಲಿ ತಮ್ಮ ಸಂಗ್ರಹದ 40,000ಕ್ಕೂ ಹೆಚ್ಚು ಜೋಡಿಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟು, ಯಾರು ಬೇಕಾದರೂ ಅವಕ್ಕೆ ಮರಳಿ ಆಳವನ್ನೂ ಚಲನೆಯನ್ನೂ ಕೊಟ್ಟು ನೋಡುವ ಸೌಕರ್ಯವನ್ನು ಕಲ್ಪಿಸಿದರು. ಮನುಷ್ಯನನ್ನು ಕುಳಿತಲ್ಲಿಂದಲೇ ಇನ್ನೊಂದು ಲೋಕಕ್ಕೆ ಒಯ್ದ ಮೊದಲನೆಯ ಮಾಧ್ಯಮವು ತನ್ನನ್ನು ಹುಟ್ಟಿಸಿದ ವ್ಯಾಪಾರ ಅಳಿದ ಮೇಲೂ ಬದುಕಿಕೊಂಡದ್ದು ಗ್ರಂಥಪಾಲರ ತಾಳ್ಮೆಯಿಂದ.

ಇಂದು ನಾವು ವರ್ಚುವಲ್ ರಿಯಾಲಿಟಿ ಅಥವಾ ವಿಆರ್ ಎಂದು ಕರೆಯುತ್ತಿರುವ ಮಾಧ್ಯಮವು ವೀಟ್‌ಸ್ಟನ್ನರ ತತ್ತ್ವವನ್ನೇ ಆಶ್ರಯಿಸಿದೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವೆಂಬ ನಿಯಮ ಬದಲಾಗಿಲ್ಲ. ಬದಲಾದದ್ದೇನೆಂದರೆ, ತಲೆಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟು ಧರಿಸಿದವರ ಶಿರಸ್ಸಿನ ಪ್ರತಿಯೊಂದು ಚಲನೆಯನ್ನೂ ಅಳೆದು, ಕ್ಷಣಾರ್ಧದೊಳಗೆ ಹೊಸ ಚಿತ್ರವನ್ನು ರಚಿಸಿ ಕಣ್ಣಿನ ಮುಂದೆ ಒಡ್ಡುವುದು. ಆದುದರಿಂದ ಹಿಂದಿರುಗಿದರೆ ಹಿಂದಿನ ಗೋಡೆಯೂ, ಬಾಗಿದರೆ ಮೇಜಿನ ಕೆಳಗಿನ ನೆಲವೂ ಕಾಣುವುವು. 1968ರಲ್ಲಿ ಐವನ್ ಸದರ್ಲೆಂಡರು ತಯಾರಿಸಿದ ಇಂಥ ಯಂತ್ರವು ಚಾವಣಿಗೆ ತೂಗುಹಾಕಬೇಕಾದಷ್ಟು ಭಾರವಾಗಿತ್ತು. ಇಂದಿನದು ಬಟ್ಟೆಯ ಚೀಲದಲ್ಲಿ ಹಿಡಿಯುವಷ್ಟಿದೆ.

ಜನರು ಇದನ್ನು ಯಾತಕ್ಕೆ ಬಳಸುವರು ಎಂದರೆ, ಬಹುಮಟ್ಟಿಗೆ ಆಟಕ್ಕೆಂದೇ ಉತ್ತರ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ, ಕಾದಂಬರಿಯೂ ಒಂದು ಕಾಲದಲ್ಲಿ ಕಾಲಹರಣವೆಂದೇ ಎಣಿಸಲ್ಪಟ್ಟಿತ್ತು. ದೂರದೂರದಲ್ಲಿರುವ ಗೆಳೆಯರು ಕಲ್ಪಿತವಾದ ಒಂದೇ ಕೊಠಡಿಯಲ್ಲಿ ಕೂಡಿ ಮಾತನಾಡುವುದುಂಟು, ವ್ಯಾಯಾಮ ಮಾಡುವುದುಂಟು. ಆಟದ ಆಚೆಗೆ ಇದರ ಪ್ರಯೋಜನವನ್ನು ಬಹಳ ಹಿಂದೆಯೇ ಕಂಡುಕೊಂಡವರು ವೈದ್ಯರು. ಸುಟ್ಟ ಗಾಯದ ಪಟ್ಟಿಯನ್ನು ಬದಲಿಸುವಾಗ ರೋಗಿಯು ಅನುಭವಿಸುವ ಯಾತನೆಯನ್ನು ತಗ್ಗಿಸಲೆಂದು, ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹಂಟರ್ ಹಾಫ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಹಿಮದ ಕಣಿವೆಯೊಂದರಲ್ಲಿ ಸಾಗುತ್ತಾ ಹಿಮದ ಉಂಡೆಗಳನ್ನು ಎಸೆಯುವ ‘ಸ್ನೋವರ್ಲ್ಡ್’ ಎಂಬ ಲೋಕವನ್ನು ರಚಿಸಿದರು. ಗಮನವೆಲ್ಲ ಆ ಶೀತಲ ಕಣಿವೆಯಲ್ಲಿ ತೊಡಗಿರುವಾಗ ನೋವಿಗೆ ದೊರೆಯುವ ಗಮನ ಅಷ್ಟರಮಟ್ಟಿಗೆ ಕಡಮೆಯಾಗುವುದು. ಎತ್ತರದ ಭಯವಿರುವವರನ್ನು ಕಲ್ಪಿತ ಸೇತುವೆಗಳ ಮೇಲೆ ಹಂತಹಂತವಾಗಿ ನಡೆಸಿ ಭಯವನ್ನು ಶಮನಗೊಳಿಸುವ ಚಿಕಿತ್ಸೆಯ ಫಲಿತಾಂಶಗಳು 1995ರಲ್ಲಿಯೇ ಪ್ರಕಟವಾದವು.

ಈ ದೃಷ್ಟಾಂತಗಳಿಂದ ಸ್ಪಷ್ಟವಾಗುವುದೇನು? ಈ ಮಾಧ್ಯಮವು ಬುದ್ಧಿಗಿಂತ ಮೊದಲು ದೇಹವನ್ನು ಒಪ್ಪಿಸುತ್ತದೆ. ಪುಸ್ತಕದಲ್ಲಿ ಪ್ರಪಾತದ ವರ್ಣನೆಯನ್ನು ಓದಿದವನಿಗೆ ಅದು ಅಕ್ಷರವೆಂಬ ಅರಿವು ಸದಾ ಇದ್ದೇ ಇರುತ್ತದೆ. ಹೆಡ್‌ಸೆಟ್ಟಿನಲ್ಲಿ ಪ್ರಪಾತವನ್ನು ಕಂಡವನ ಮೊಣಕಾಲು ನಡುಗುತ್ತದೆ. ಅಲ್ಲಿ ಕಂಡದ್ದು ಅವನ ನೆನಪಿನಲ್ಲಿ ಓದಿದ ಸಂಗತಿಯಾಗಿ ಅಲ್ಲ, ಹೋಗಿ ಬಂದ ಸ್ಥಳವಾಗಿ ಉಳಿಯುತ್ತದೆ. ಇಷ್ಟು ಬಲವಾದ ಮಾಧ್ಯಮವೊಂದು ಆಧಾರವಿಲ್ಲದೆ, ವಿವರಣೆಯಿಲ್ಲದೆ, ನಕ್ಷೆಯಿಲ್ಲದೆ ಜನರ ಕೈಸೇರುವುದು ಕ್ಷೇಮಕರವಲ್ಲ. ಗ್ರಂಥಾಲಯವು ಇದರಲ್ಲಿ ಏತಕ್ಕೆ ಕೈಹಾಕಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಹೊರಡುತ್ತದೆ.

ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಭವನದ ಉದಾಹರಣೆಯನ್ನು ಸ್ವಲ್ಪ ವಿಸ್ತರಿಸಿ ನೋಡೋಣ. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ತನ್ನ ದಿನಚರಿಯಿಂದ ಹೆಸರಾದ ಯಹೂದಿ ಬಾಲೆ ಆನ್ ಫ್ರಾಂಕಳೂ ಅವಳ ಕುಟುಂಬದವರೂ ಇತರ ನಾಲ್ವರೂ ನಾಜಿಗಳಿಗೆ ಹೆದರಿ ಅಡಗಿದ್ದ ಹಿಂಬದಿಯ ಕೊಠಡಿಗಳು ಇಂದು ಬರಿದಾಗಿವೆ; ಬಂಧನದ ಬಳಿಕ ನಾಜಿಗಳು ಸಾಮಾನುಗಳನ್ನೆಲ್ಲ ಸಾಗಿಸಿದ್ದರಿಂದ, ಆ ಶೂನ್ಯವೇ ನಡೆದುದಕ್ಕೆ ಸಾಕ್ಷಿಯಾಗಿರಲೆಂದು ತಂದೆ ಆಟೊ ಫ್ರಾಂಕರು ಅವುಗಳನ್ನು ಹಾಗೆಯೇ ಇಡಿಸಿದರು. ಆದರೆ 2018ರಲ್ಲಿ ಆ ಸಂಸ್ಥೆಯೇ ಹೊರತಂದ ಸುಮಾರು 25 ನಿಮಿಷಗಳ ವಿಆರ್ ಕೃತಿಯಲ್ಲಿ ಅದೇ ಕೊಠಡಿಗಳು ಮಂಚ, ಮೇಜು, ಗೋಡೆಯ ಮೇಲಣ ಚಿತ್ರಗಳೊಡನೆ ಸಜ್ಜಾಗಿ ನಿಂತಿವೆ. ಕಡಿದಾದ ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧರಿಗೂ ಅಂಗವಿಕಲರಿಗೂ ಆಮ್‌ಸ್ಟರ್‌ಡ್ಯಾಮನ್ನು ಎಂದೂ ಕಾಣಲಾರದ ದೂರದ ವಿದ್ಯಾರ್ಥಿಗಳಿಗೂ ಇದೊಂದು ವರವೇ ಸರಿ. ಆದರೂ ಇದನ್ನು ಮಾತ್ರ ಕಂಡವರು ಆ ಮನೆಯ ಶೂನ್ಯವನ್ನು ಕಾಣಲಿಲ್ಲ; ಮನೆಯನ್ನು ಮಾತ್ರ ಕಂಡವರು ಎಂಟು ಜನರ ಒತ್ತಿನ ಬದುಕನ್ನು ಕಾಣಲಿಲ್ಲ; ಎರಡನ್ನೂ ಕಂಡು ದಿನಚರಿಯನ್ನು ಓದದವರು ಆ ಹುಡುಗಿಯ ಮನಸ್ಸನ್ನು ಕಾಣಲಿಲ್ಲ. ಹೆಡ್‌ಸೆಟ್ಟನ್ನು ಕಳಚಿ ಇಟ್ಟ ಮೇಜಿನ ಮೇಲೆಯೇ ದಿನಚರಿಯ ಪ್ರತಿಯೂ ಆ ಯುದ್ಧದ ಇತಿಹಾಸವೂ ಕೈಗೆಟಕುವಂತೆ ಇರುವ ಸಾರ್ವಜನಿಕ ಸ್ಥಳವು ಗ್ರಂಥಾಲಯವಲ್ಲದೆ ಬೇರೊಂದಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆ ಕೈಹಾಕಿದ ಗ್ರಂಥಾಲಯಗಳು ಹಲವು. ‘ಸೆಕೆಂಡ್ ಲೈಫ್’ ಎಂಬ ಕಲ್ಪಿತ ಜಗತ್ತು ಜನಪ್ರಿಯವಾಗಿದ್ದ 2006ರಲ್ಲಿ ಇಲಿನಾಯ್ ರಾಜ್ಯದ ಗ್ರಂಥಪಾಲರ ನೇತೃತ್ವದಲ್ಲಿ ಅಲ್ಲೊಂದು ‘ಇನ್ಫೊ ಐಲೆಂಡ್’ ಎಂಬ ದ್ವೀಪವೇ ನಿರ್ಮಿತವಾಗಿ, ಸ್ವಯಂಸೇವಕರು ಪ್ರಶ್ನೆ ಕೇಳಲು ಬಂದವರಿಗೆ ಉತ್ತರ ಹೇಳಿದರು. ಜನಸಂದಣಿ ಆ ಲೋಕದಿಂದ ಸರಿದ ಮೇಲೆ ಉತ್ಸಾಹವೂ ಸರಿಯಿತು. 2017ರಲ್ಲಿ ಕ್ಯಾಲಿಫೋರ್ನಿಯಾದ 90 ಸಾರ್ವಜನಿಕ ಗ್ರಂಥಾಲಯಗಳಿಗೆ ಆಕ್ಯುಲಸ್ ಕಂಪೆನಿಯ 100 ಹೆಡ್‌ಸೆಟ್ಟುಗಳನ್ನು ಹಂಚುವ ಯೋಜನೆ ಆರಂಭವಾಯಿತು. ಸ್ವಂತವಾಗಿ ಕೊಳ್ಳಲಾರದವರಿಗೆ ಯಂತ್ರವನ್ನು ಒದಗಿಸುವುದು ನಿಸ್ಸಂದೇಹವಾಗಿ ಗ್ರಂಥಾಲಯದ ಧರ್ಮವೇ. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದುದು ದೊರೆಯಬೇಕೆಂದು ವಿಧಿಸುತ್ತದೆ. ಆದರೆ ಯಂತ್ರವನ್ನು ತಂದಿಟ್ಟು ಸರದಿಯಲ್ಲಿ ನಿಲ್ಲಿಸಿ ತೋರಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ತಿಳಿದರೆ ಗ್ರಂಥಾಲಯಕ್ಕೂ ಜಾತ್ರೆಯ ಬಯೋಸ್ಕೋಪಿನ ಡೇರೆಗೂ ಭೇದವೇನು ಉಳಿಯಿತು?

ಇದಕ್ಕಿಂತ ಎತ್ತರದ ಸಾಧನೆಯೊಂದು ಉತ್ತರ ಕರೊಲಿನಾ ರಾಜ್ಯದಲ್ಲಿ ನಡೆದಿದೆ. 1960ರ ಫೆಬ್ರುವರಿ 16ರಂದು ಡರಮ್ ನಗರದ ವೈಟ್ ರಾಕ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು, ಉಪಾಹಾರಗೃಹಗಳಲ್ಲಿ ಧರಣಿ ಕುಳಿತಿದ್ದ ಕರಿಯ ವಿದ್ಯಾರ್ಥಿಗಳನ್ನು ಬೆಂಬಲಿಸಿ, ಸೆರೆಮನೆಗಳನ್ನು ತುಂಬಲು ಹೆದರಬೇಡಿರೆಂದು ಕರೆಕೊಟ್ಟರು. ಆ ಭಾಷಣದ ಧ್ವನಿಮುದ್ರಣ ಉಳಿದಿಲ್ಲ. ಆ ಚರ್ಚಿನ ಕಟ್ಟಡವೂ ಕೆಲವು ವರ್ಷಗಳ ಬಳಿಕ ನಗರದ ಪುನರ್ನಿರ್ಮಾಣದಲ್ಲಿ ಕೆಡವಲ್ಪಟ್ಟಿತು. ನಾರ್ತ್ ಕರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ವಿಕ್ಟೋರಿಯಾ ಗ್ಯಾಲಗರ್ ಅವರ ತಂಡವು ಉಳಿದಿದ್ದ ಲಿಖಿತ ಪಠ್ಯವನ್ನು ಒಬ್ಬ ನಟನಿಂದ ಸಭೆಯ ಮುಂದೆ ನುಡಿಸಿ ಮುದ್ರಿಸಿಕೊಂಡು, ಅಳಿದುಹೋದ ಆ ಚರ್ಚನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ಕೇಳುವವರು ಬೇರೆ ಬೇರೆ ಸ್ಥಾನಗಳಲ್ಲಿ ಇದ್ದು ಆ ಮಾತುಗಳನ್ನು ಆಲಿಸುವಂತೆ ಮಾಡಿತು. ಅದೇ ವಿಶ್ವವಿದ್ಯಾನಿಲಯದ ಹಂಟ್ ಗ್ರಂಥಾಲಯವು ಅದನ್ನು ಸಾರ್ವಜನಿಕರಿಗೆ ತೋರಿಸಿತು. ಇಲ್ಲಿ ಕೇಳಿಬರುವ ಕಂಠ ಕಿಂಗ್ ಅವರದಲ್ಲ, ನಟನದು. ಗೋಡೆಗಳು ಇಟ್ಟಿಗೆಯವಲ್ಲ, ಊಹೆಯವು. ಇದನ್ನು ಮರೆಮಾಚದೆ, ಯಾವುದು ದಾಖಲೆ, ಯಾವುದು ಪುನಾರಚನೆ ಎಂಬುದನ್ನು ಬೇರ್ಪಡಿಸಿ ತೋರಿಸುವುದು ಇಂಥ ಕೃತಿಯ ಪ್ರಾಣ. ಅದು ಗ್ರಂಥಸಂಪಾದಕರ ಶೀಲ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಗುರುತಿಸುವ ಅದೇ ಪ್ರಾಮಾಣಿಕತೆ.

ನಮ್ಮ ನಾಡಿನಲ್ಲಿಯೂ ಈ ಜಾತಿಯ ಒಂದು ಶ್ರೇಷ್ಠ ಕೃತಿ ಇದೆಯೆಂಬುದು ಎಷ್ಟು ಜನರಿಗೆ ಗೊತ್ತೋ ಕಾಣೆ. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು 2006ರಲ್ಲಿ ರಚಿಸಿದ ‘ಪ್ಲೇಸ್ ಹಂಪಿ’ ಎಂಬ ಕೃತಿಯಲ್ಲಿ, ಸುತ್ತಲೂ ವೃತ್ತಾಕಾರವಾಗಿ ಆವರಿಸಿದ ತೆರೆಯ ನಡುವೆ ತಿರುಗುವ ವೇದಿಕೆಯ ಮೇಲೆ ನಿಂತ ಪ್ರೇಕ್ಷಕನು, ಜಾನ್ ಗಾಲಿಂಗ್ಸ್ ತೆಗೆದ ಹಂಪಿಯ ಜೋಡಿಚಿತ್ರಗಳ ಒಳಕ್ಕೆ ತಾನೇ ದಾರಿ ಹಿಡಿದು ಸಾಗಬಹುದು. ಹಲವು ದೇಶಗಳ ಜನರು ನೋಡಿದ ಆ ಕೃತಿ ಈಗ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿದೆ. ಇದು ತಲೆಗೆ ಕಟ್ಟಿಕೊಳ್ಳುವ ಯಂತ್ರವಲ್ಲವಾದುದರಿಂದ ಮನೆಮಂದಿಯೆಲ್ಲ ಒಟ್ಟಿಗೆ ನಿಂತು, ಒಬ್ಬರಿಗೊಬ್ಬರು ತೋರಿಸುತ್ತಾ ಮಾತನಾಡುತ್ತಾ ನೋಡಬಹುದೆಂಬುದು ನನಗೆ ಇದರ ದೊಡ್ಡ ಗುಣವಾಗಿ ಕಾಣುತ್ತದೆ. ಹಂಪಿಯನ್ನು ಕುರಿತು ಕನ್ನಡದಲ್ಲಿ ಇರುವ ಶಾಸನಗಳ, ಪ್ರವಾಸಿಗಳ ವೃತ್ತಾಂತಗಳ, ಸ್ಥಳಪುರಾಣಗಳ ರಾಶಿಯೊಡನೆ ಇಂಥ ನೋಟಗಳನ್ನು ಬೆಸೆದು, ಹೊಸಪೇಟೆ ಬಳ್ಳಾರಿಗಳ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಒದಗಿಸುವ ಕೆಲಸ ನಮ್ಮವರಿಂದ ಆಗತಕ್ಕದ್ದು.

ಹೆಡ್‌ಸೆಟ್ಟಿನ ವಿಷಯದಲ್ಲಿ ವ್ಯಾವಹಾರಿಕವಾದ ಎಚ್ಚರಗಳು ಕೆಲವುಂಟು. ಕಣ್ಣು ನಡೆಯುತ್ತಿರುವೆನೆಂದು ಹೇಳುವಾಗ ಒಳಗಿವಿಯಲ್ಲಿರುವ ಸಮತೋಲನದ ಅಂಗವು ನಿಂತಿರುವೆನೆಂದು ಹೇಳಿದರೆ ತಲೆ ಸುತ್ತುವುದು, ಹೊಟ್ಟೆ ತೊಳಸುವುದು. ಕುಳಿತು ನೋಡುವ ವ್ಯವಸ್ಥೆಯೂ ಪಕ್ಕದಲ್ಲೊಬ್ಬ ಸಹಾಯಕರೂ ಇರಬೇಕು. ಎಳೆಯ ಮಕ್ಕಳಿಗೆ ಇದು ಸಲ್ಲದು.

ಅದಕ್ಕಿಂತ ಗಂಭೀರವಾದ ಅಪಾಯವು ಕಣ್ಣಿಗೆ ಕಾಣುವಂಥದಲ್ಲ. ಹೆಡ್‌ಸೆಟ್ಟು ನಮಗೆ ಲೋಕವನ್ನು ತೋರಿಸಬೇಕಾದರೆ ಮೊದಲು ನಮ್ಮನ್ನು ನೋಡಬೇಕು: ತಲೆಯ ಓಲಾಟ, ಕೈಯ ಬೀಸು, ನಿಲುವಿನ ಎತ್ತರ, ಇವನ್ನೆಲ್ಲ ಎಡೆಬಿಡದೆ ಅಳೆಯಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 511 ಜನರ ಪೈಕಿ ಯಾರು ಯಾರೆಂಬುದನ್ನು, ಪ್ರತಿಯೊಬ್ಬರ ಚಲನೆಯ ಐದು ನಿಮಿಷಕ್ಕಿಂತ ಕಡಮೆಯ ದಾಖಲೆಯನ್ನಷ್ಟೇ ಆಧರಿಸಿ, ಕಂಪ್ಯೂಟರು ಶೇಕಡ 95ರಷ್ಟು ಸರಿಯಾಗಿ ಗುರುತಿಸಿತು. ಆ ಜನರು ಮಾಡಿದ್ದು ಬಹುಮಟ್ಟಿಗೆ ಸುಮ್ಮನೆ ವಿಡಿಯೋಗಳನ್ನು ನೋಡಿದ್ದಷ್ಟೆ. ಹೆಸರನ್ನು ಅಳಿಸಿಹಾಕಿದರೂ ಚಲನೆಯೇ ಹೆಸರಾಯಿತು. ಓದುಗರ ಸಂಪರ್ಕದಿಂದ ತಿಳಿದ ಖಾಸಗಿ ಸಂಗತಿಗಳನ್ನು ಗೋಪ್ಯವಾಗಿಡಬೇಕೆಂಬ ನಿಯಮವನ್ನು ಅಮೆರಿಕದ ಗ್ರಂಥಾಲಯ ಸಂಘವು 1939ರಷ್ಟು ಹಿಂದೆಯೇ ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ಆ ನಿಯಮಕ್ಕೆ ಬದ್ಧವಾದ ಗ್ರಂಥಾಲಯವು, ಓದುಗನ ಮೈಯ ಚಲನವಲನವನ್ನೇ ದೂರದ ಕಂಪೆನಿಗೆ ರವಾನಿಸುವ ಯಂತ್ರವನ್ನು ತನ್ನ ಸೂರಿನಡಿಯಲ್ಲಿ ಇಟ್ಟುಕೊಳ್ಳುವುದು ಹೇಗೆ? ವೈಯಕ್ತಿಕ ಖಾತೆಯಿಲ್ಲದೆ, ಅಂತರ್ಜಾಲದ ಸಂಪರ್ಕವಿಲ್ಲದೆ ನಡೆಯುವ ಕೃತಿಗಳನ್ನೇ ಆರಿಸಬೇಕು. ದಾನವಾಗಿ ಬಂದ ಯಂತ್ರದ ಕರಾರುಗಳನ್ನು ಕೊಂಡ ಯಂತ್ರದ ಕರಾರುಗಳಿಗಿಂತ ಎರಡು ಪಟ್ಟು ಜಾಗರೂಕತೆಯಿಂದ ಓದಬೇಕು. ಈ ವಿಷಯದಲ್ಲಿ ರಾಜಿ ಮಾಡಿಕೊಂಡ ಗ್ರಂಥಾಲಯವು ತನ್ನ ಓದುಗರ ವಿಶ್ವಾಸವನ್ನು ಮಾರಿಕೊಂಡಂತೆಯೇ ಸರಿ.

ಇನ್ನು ಉಳಿವಿನ ಮಾತು. 2015ರ ನವೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಗೂಗಲ್ ಸಂಸ್ಥೆ ರೂಪಿಸಿದ ರಟ್ಟಿನ ವೀಕ್ಷಕಯಂತ್ರವನ್ನು ತನ್ನ ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರರಿಗೆ ಕಳುಹಿಸಿ, ಯುದ್ಧದಿಂದ ನೆಲೆಗೆಟ್ಟ ಮಕ್ಕಳನ್ನು ಕುರಿತ ಚಿತ್ರವೊಂದನ್ನು ತೋರಿಸಿತು. 2021ರಲ್ಲಿ ಗೂಗಲ್ ಆ ರಟ್ಟಿನ ಯಂತ್ರದ ಮಾರಾಟವನ್ನೇ ನಿಲ್ಲಿಸಿತು. ಜನರು ಸಭೆ, ಉಪನ್ಯಾಸ, ವಿನೋದಗಳಿಗಾಗಿ ಕೂಡುತ್ತಿದ್ದ ‘ಆಲ್ಟ್‌ಸ್ಪೇಸ್’ ಎಂಬ ಕಲ್ಪಿತ ತಾಣವನ್ನು ಅದರ ಒಡೆಯರಾದ ಮೈಕ್ರೋಸಾಫ್ಟಿನವರು 2023ರ ಮಾರ್ಚಿನಲ್ಲಿ ಮುಚ್ಚಿದರು. ಅಲ್ಲಿ ಗೆಳೆತನ ಬೆಳೆಸಿಕೊಂಡವರಿಗೆ ಮರಳಿ ಹೋಗಿ ನೋಡಲು ಒಂದು ಹಾಳು ಗೋಡೆಯೂ ಉಳಿಯಲಿಲ್ಲ. ಅಮೆರಿಕದಲ್ಲಿ ಹಿಂದೆ ಪ್ರಕಟವಾದ ವಿಡಿಯೋ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಅಂಥ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡುವಂತೆ ಗ್ರಂಥಾಲಯಗಳು ಅವಕಾಶ ಕೊಡಬಹುದೇ ಎಂಬ ಕೋರಿಕೆಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಿರಸ್ಕರಿಸಿತು. ಜೋಡಿಚಿತ್ರದ ರಟ್ಟು ನೂರು ವರ್ಷ ಅಟ್ಟದ ಮೇಲೆ ಬಿದ್ದಿದ್ದರೂ ಧೂಳು ಒರೆಸಿ ನೋಡಬಹುದು. ವಿಆರ್ ಕೃತಿಯು ತನ್ನ ಯಂತ್ರ, ತನ್ನ ಸಾಫ್ಟ್‌ವೇರ್, ತನ್ನ ಕಂಪೆನಿಯ ಅನುಮತಿ ಇವುಗಳಲ್ಲಿ ಒಂದು ಕಳಚಿದರೂ ಕುರುಡಾಗುವುದು.

ನಮ್ಮ ದೇಶದ ಕಾನೂನು ಈ ಸಂದರ್ಭಕ್ಕೆ ಇನ್ನೂ ಸಿದ್ಧವಾಗಿಲ್ಲ. ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಯತವಾದ ಗ್ರಂಥಾಲಯಗಳಿಗೆ ಪ್ರಕಾಶಕರು ಒಪ್ಪಿಸಬೇಕೆಂಬ 1954ರ ಅಧಿನಿಯಮವು ಮುದ್ರಿತ ಕೃತಿಯನ್ನು ಮಾತ್ರ ಬಲ್ಲದು. ಕೃತಿಸ್ವಾಮ್ಯದ ಅಧಿನಿಯಮಕ್ಕೆ 2012ರಲ್ಲಿ ಸೇರಿದ 52(1)(ಎನ್) ಉಪವಿಧಿಯು, ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಒಂದು ಕೃತಿಯನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದೆಂದು ಹೇಳುತ್ತದೆ. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಮೊದಲೇ ಗ್ರಂಥಾಲಯದಲ್ಲಿರಬೇಕೆಂಬ ಷರತ್ತನ್ನು ವಿಧಿಸುತ್ತದೆ. ಹುಟ್ಟಿನಿಂದಲೇ ಡಿಜಿಟಲ್ ಆದ ಕೃತಿಗೆ ಅಂಥ ಪ್ರತಿ ಇರುವುದು ಅಸಾಧ್ಯ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕನ್ನಡದ ಯುವಕ ಯುವತಿಯರು ರಚಿಸುತ್ತಿರುವ ಇಂಥ ಕೃತಿಗಳನ್ನು ಮೊಮ್ಮಕ್ಕಳ ಕಾಲಕ್ಕೆ ಕಾಪಾಡಿಡುವ ಹಕ್ಕೂ ಹೊಣೆಯೂ ಇಂದು ಯಾವ ಗ್ರಂಥಾಲಯಕ್ಕೂ ಇಲ್ಲದಂತಾಗಿದೆ.

ಕರ್ನಾಟಕದ ಜನರು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ರೂಪಾಯಿಗೆ 6 ಪೈಸೆಯಂತೆ ಕೊಡುತ್ತಿದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ 5,000ಕ್ಕೂ ಹೆಚ್ಚು ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ಪ್ರತಿಯೊಂದು ಅರಿವು ಕೇಂದ್ರಕ್ಕೂ ಹೆಡ್‌ಸೆಟ್ಟು ಬೇಕೆಂದು ನಾನು ಕೇಳುವುದಿಲ್ಲ. ಅಲ್ಲಿ ಇನ್ನೂ ಪುಸ್ತಕಗಳೂ ಕುರ್ಚಿಗಳೂ ಗ್ರಂಥಪಾಲಕರಿಗೆ ನ್ಯಾಯವಾದ ಸಂಬಳವೂ ಮೊದಲು ಬೇಕಾಗಿವೆ. ನನ್ನ ಕೋರಿಕೆ ಇಷ್ಟು: 1954ರ ಅಧಿನಿಯಮವನ್ನು ಡಿಜಿಟಲ್ ಕೃತಿಗಳಿಗೂ ವಿಸ್ತರಿಸಬೇಕು, 2012ರ ಉಪವಿಧಿಯ ಆ ಷರತ್ತನ್ನು ತೆಗೆದುಹಾಕಬೇಕು, ಮತ್ತು ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯವು ಕನ್ನಡನಾಡನ್ನು ಕುರಿತ ಇಂಥ ಕೃತಿಗಳ ಒಂದು ಪಟ್ಟಿಯನ್ನಾದರೂ ತಯಾರಿಸಲು ಈಗಲೇ ತೊಡಗಬೇಕು. ಪಟ್ಟಿಗೆ ಯಾವ ಕಾನೂನಿನ ಅಡ್ಡಿಯೂ ಇಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಗ್ರಂಥಪಾಲರ ಸಂಘಗಳೂ ವಿಶ್ವವಿದ್ಯಾನಿಲಯಗಳ ಗ್ರಂಥಾಲಯ ವಿಜ್ಞಾನ ವಿಭಾಗಗಳೂ ಈ ಬೇಡಿಕೆಯನ್ನು ತಮ್ಮದಾಗಿಸಿಕೊಂಡು ಸರ್ಕಾರದ ಮುಂದಿಡಲಿ. ಓದುಗ ಮಹಾಜನರು ತಮ್ಮ ಶಾಸಕರನ್ನೂ ಸಂಸದರನ್ನೂ ಈ ವಿಷಯವಾಗಿ ಕೇಳಲಿ.